ಮಾರಿಯೆಲೋಸಳ ಅರವತ್ತೆಂಟು ಕಿಲೊ

ಅತ್ತಿಮರದ ಬುಡದಲ್ಲಿ ಒಂದು ಕರಿಹಲಗೆ ತೂಗುಹಾಕಿತ್ತು. ಮರ ಹತ್ತುವವರು ಮೊದಲು ಅದರ ಮೇಲೆ ತಮ್ಮ ಹೆಸರು ಬರೆದು, ಹೆಸರಿನ ಪಕ್ಕ ತೂಕ ಬರೆಯಬೇಕು. ಆಮೇಲೆ ಸೊಂಟಪಟ್ಟಿ, ಆಮೇಲೆ ಹಗ್ಗ. ಆ ಭಾನುವಾರ ಪೂಜೆ ಮುಗಿಸಿ ಬಂದ ಮಾರಿಯೆಲೋಸ್ ಸೀಮೆಸುಣ್ಣ ಕೈಗೆತ್ತಿಕೊಂಡು, ಆಚೀಚೆ ನೋಡಿ, ತನ್ನ ಹೆಸರಿನ ಪಕ್ಕ ‘68’ ಎಂದು ಬರೆದಳು. ಬರೆದ ಮೇಲೆ ಆ ಅಂಕಿ ಎಷ್ಟು ಚೆನ್ನಾಗಿ ಕಂಡಿತೆಂದರೆ, ಒಂದು ಗಳಿಗೆ ಅವಳೇ ಅದನ್ನು ನಂಬಿಬಿಟ್ಟಳು.

ಪೂರ್ತಿ ಸುಳ್ಳು ಅನ್ನುವ ಹಾಗೂ ಇರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ, ಮಗಳು ಯೊರ್ಲೆನಿಗೆ ದೀಕ್ಷಾಸ್ನಾನ ಮಾಡಿಸಿದ ವಾರ, ತಿಲರಾನ್ ಪೇಟೆಯ ಔಷಧಿ ಅಂಗಡಿಯ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ಅಲ್ಲೇ ನಿಂತಿತ್ತು. ಆಮೇಲೆ ಅವಳು ಯಾವ ಯಂತ್ರದ ಮೇಲೂ ನಿಂತಿಲ್ಲ. ಯಾರೂ ತೂಗದೆ ಇದ್ದರೆ ತೂಕ ತಾನಾಗಿ ಬದಲಾಗುವುದಾದರೂ ಹೇಗೆ ಎಂಬುದು ಅವಳ ವಾದ. ರವಿಕೆಗಳು ಮಾತ್ರ ಬೇರೆ ಮಾತು ಹೇಳುತ್ತಿದ್ದವು. ಆದರೆ ಆ ಬೆಟ್ಟದಲ್ಲಿ ಮೋಡ ಮನೆಯೊಳಗೇ ಬಂದು ಕೂರುತ್ತದೆ, ಬಟ್ಟೆ ಒಣಗುವುದೇ ಇಲ್ಲ, ಒಣಗದ ಬಟ್ಟೆ ಕುಗ್ಗದೆ ಇನ್ನೇನು ಮಾಡೀತು?

ಮನೆಯ ಹಿಂದೆ ಎರಡು ಮರಗಳಿದ್ದವು. ಒಂದು ಟೊಳ್ಳು ಅತ್ತಿ. ಯಾವುದೋ ಕಾಲದಲ್ಲಿ ಅದು ಇನ್ನೊಂದು ಮರವನ್ನು ತಬ್ಬಿಕೊಂಡು ಬೆಳೆದಿತ್ತು. ತಬ್ಬಿಸಿಕೊಂಡ ಮರ ಒಳಗೇ ಕೊಳೆತುಹೋಗಿ, ಈಗ ಹೊಗೆಗೂಡಿನಂಥ ಪೊಳ್ಳು ಉಳಿದಿತ್ತು. ಒಳಗೆ ಬೇರುಗಳು ಏಣಿಯ ಮೆಟ್ಟಿಲುಗಳ ಹಾಗೆ ಹೆಣೆದುಕೊಂಡಿದ್ದರಿಂದ ಅಲ್ಲಿ ಮರವನ್ನು ಹೊರಗಿನಿಂದ ಹತ್ತುವುದಿಲ್ಲ, ಒಳಗಿನಿಂದ ಹತ್ತುತ್ತಾರೆ. ಇನ್ನೊಂದು, ನಲವತ್ತು ಹೆಜ್ಜೆ ಆಚೆ, ಕಾಡು ಬೆಣ್ಣೆಹಣ್ಣಿನ ಮರ. ಎರಡರ ನಡುವೆ ಎತ್ತರದಲ್ಲಿ ಒಂದು ಉಕ್ಕಿನ ತಂತಿ ಎಳೆದು, ಅದರ ಮಧ್ಯದಿಂದ ಯೊರ್ಲೆನಿ ಒಂದು ಜೋಕಾಲಿಯ ಹಗ್ಗ ಇಳಿಬಿಟ್ಟಿದ್ದಳು. ಅತ್ತಿಯ ಅಟ್ಟದಿಂದ ಹಾರಿದರೆ ಒಂದೇ ಜೀಕಿಗೆ ಬೆಣ್ಣೆಹಣ್ಣಿನ ಅಟ್ಟ. ಅಲ್ಲಿ ಕೊಕ್ಕೆಯ ಕೋಲು ಹಿಡಿದು ನಿಂತವರು ನಿಮ್ಮನ್ನು ಒಳಗೆಳೆದುಕೊಳ್ಳುತ್ತಾರೆ.

ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಯೊರ್ಲೆನಿಗೆ ಎರಡು ವರ್ಷ ಹಿಡಿದಿತ್ತು. ಭಾರ ಹೆಚ್ಚಾದಷ್ಟೂ ಹಗ್ಗ ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೋ ಅಷ್ಟನ್ನು ಮೊದಲೇ ಗಿಡ್ಡ ಮಾಡಿ ಕಟ್ಟಬೇಕು. ಅದಕ್ಕಾಗಿ ಅವಳು ಮರಳಿನ ಚೀಲಗಳನ್ನು ನೂರಾರು ಸಲ ಜೀಕಿಸಿ, ಇಷ್ಟು ಕಿಲೊಗೆ ಇಷ್ಟು ಎಂದು ಹಗ್ಗಕ್ಕೆ ಬಣ್ಣಬಣ್ಣದ ದಾರ ಸುತ್ತಿದ್ದಳು. ಈಗ ಉಳಿದದ್ದು ಒಂದೇ ಒಂದು, ಪರವಾನಗಿ ಕಚೇರಿಯ ದೋನ್ ಎವೆಲಿಯೋ ಅವರ ಸಹಿ. ಅದು ಸಿಕ್ಕರೆ ಜೋಕಾಲಿ ಉಳಿಯುತ್ತದೆ. ಸಿಗದಿದ್ದರೆ ಮಳೆಗಾಲಕ್ಕೆ ಮೊದಲು ಹಗ್ಗ, ತಂತಿ, ಅಟ್ಟ ಎಲ್ಲವನ್ನೂ ಇಳಿಸಬೇಕು.

ಆ ಸಹಿಗೆ ಒಂದು ನಿಯಮವಿತ್ತು. ಮರ ಹತ್ತಿ ಅಭ್ಯಾಸವೇ ಇಲ್ಲದ ಒಬ್ಬರು ಅಧಿಕಾರಿಯ ಎದುರಿಗೆ ಜೀಕಿ ತೋರಿಸಬೇಕು.

“ಅಮ್ಮ, ನೀನು ಜೀಕ್ತೀಯಾ?” ಎಂದು ಮೂರು ವಾರದ ಹಿಂದೆ ಯೊರ್ಲೆನಿ ಕೇಳಿದ್ದಳು.

“ಓ, ಖಂಡಿತ ಚಿನ್ನ, ಸಂತೋಷವಾಗಿ,” ಎಂದು ಮಾರಿಯೆಲೋಸ್ ಕಾವಲಿಯ ಮೇಲಿನ ಜೋಳದ ರೊಟ್ಟಿ ಮಗುಚುತ್ತಾ ಹೇಳಿದ್ದಳು.

ಆ ಊರಿನಲ್ಲಿ ಯಾರೂ ಯಾರ ಮುಖದ ಮೇಲೂ ಇಲ್ಲ ಅನ್ನುವುದಿಲ್ಲ. ಇಲ್ಲ ಅಂದರೆ ಬೈದ ಹಾಗೆ. ‘ಖಂಡಿತ’ ಎಂದರೆ ನೋಡೋಣ, ‘ಖಂಡಿತ ಖಂಡಿತ’ ಎಂದರೆ ಬಹುಶಃ ಇಲ್ಲ, ‘ಖಂಡಿತ, ಸಂತೋಷವಾಗಿ’ ಎಂದರೆ ಸತ್ತರೂ ಇಲ್ಲ. ಇದು ಅಲ್ಲಿ ಎದೆಹಾಲಿನೊಂದಿಗೇ ಕಲಿಯುವ ವಿದ್ಯೆ. ಆದರೆ ಯೊರ್ಲೆನಿ ಹಗ್ಗದ ಕಸುಬಿಗೆ ಬಿದ್ದ ಮೇಲೆ ಅದನ್ನು ಮರೆತಿದ್ದಳು. ಹಗ್ಗದವರಿಗೆ ಹೂಂ ಅಂದರೆ ಹೂಂ. ಅವಳು ಹೋಗಿ ತಾಯಿಯ ಹೆಸರನ್ನು ಕಚೇರಿಯಲ್ಲಿ ಬರೆಸಿಯೇ ಬಂದಳು.

ತಪ್ಪಿಸಿಕೊಳ್ಳಲು ಇನ್ನೊಂದು ಅಡ್ಡಿಯೂ ಇತ್ತು. ಪ್ರತಿ ಭಾನುವಾರ ಊರಿನ ಹೆಂಗಸರು ಮೋಜಿಗೆಂದು ಮರ ಹತ್ತಲು ಬರುತ್ತಿದ್ದರು. ಮಾರಿಯೆಲೋಸ್ ಕೆಳಗೆ ಕುರ್ಚಿ ಹಾಕಿಕೊಂಡು, ಬಿಸಿ ಬೆಲ್ಲದ ನೀರಿನ ಪಾತ್ರೆ ಪಕ್ಕದಲ್ಲಿಟ್ಟುಕೊಂಡು, “ಎಡಗಾಲು ಮೇಲಿಡೇ! ಕೆಳಗೆ ನೋಡ್ಬೇಡ, ನನ್ನ ನೋಡು! ಅಲ್ಲ, ನನ್ನ ನೋಡ್ಬೇಡ, ಮೇಲೆ ನೋಡು!” ಎಂದು ಪಾಠ ಹೇಳುತ್ತಿದ್ದಳು. ಒಲೆಯ ಮುಂದಿನ ಪೌರುಷ ಅನ್ನುತ್ತಾರಲ್ಲ, ಅದರ ಪೈಕಿ. ಅಡುಗೆಮನೆಯ ಮಣೆಗಿಂತ ಎತ್ತರದ್ದೇನನ್ನೂ ಅವಳು ಹತ್ತಿದವಳಲ್ಲ. ಆದರೂ ಮೂರು ತಿಂಗಳು ಹೀಗೆ ಕೂಗಿ ಕೂಗಿ, ತನಗೆ ಮರ ಹತ್ತಲು ಬರುತ್ತದೆ ಎಂದು ಊರನ್ನೂ, ಅರ್ಧದಷ್ಟು ತನ್ನನ್ನೂ ನಂಬಿಸಿದ್ದಳು.

ಸೊಂಟಪಟ್ಟಿ ಬಿಗಿಯುವಾಗ ಯೊರ್ಲೆನಿಯ ಕೈ ಕೊನೆಯ ತೂತಿಗೆ ಬಂದು ನಿಂತಿತು. ಅವಳು ಹಲಗೆ ನೋಡಿದಳು, ತಾಯಿಯನ್ನು ನೋಡಿದಳು.

“ಅರವತ್ತೆಂಟಾ, ಅಮ್ಮ?”

“ಹೂಂ ಚಿನ್ನ. ಹೆಚ್ಚುಕಮ್ಮಿ.”

“ಹೆಚ್ಚಾ, ಕಮ್ಮಿಯಾ?”

“ಒಳಗೆ ಏಪ್ರನ್ ಇದೆಯಲ್ಲ, ಅದಕ್ಕೇ ದಪ್ಪ ಕಾಣ್ಸುತ್ತೆ.”

ತಾಯಿಯನ್ನು ಇಂಥ ಮಾತು ಮೂರನೆಯ ಸಲ ಕೇಳುವುದು ಹೇಗೆ? ಯೊರ್ಲೆನಿ ಕೇಳಲಿಲ್ಲ. ಮರ ಹತ್ತುವವರು ಒಂದೆರಡು ಕಿಲೊ ಮುಚ್ಚಿಟ್ಟರೂ ನಡೆಯುತ್ತಿತ್ತು. ಹಲಗೆಯ ಮೇಲೆ ಊರಿನ ಹೆಂಗಸರೆಲ್ಲ ಹದಿನಾರರ ಹುಡುಗಿಯರ ಹಾಗೆ ತೂಗುತ್ತಿದ್ದದ್ದು ಅವಳಿಗೂ ಗೊತ್ತಿತ್ತು. ಜೀಕಲು ಹೊರಟ ಮೊದಲ ಮನುಷ್ಯಪ್ರಾಣಿ ಮಾತ್ರ ಅವಳ ತಾಯಿಯೇ.

ಪೊಳ್ಳಿನ ಬಾಯಲ್ಲಿ ನಿಂತು ಮಾರಿಯೆಲೋಸ್ ಮೇಲೆ ನೋಡಿದಳು. ಕತ್ತಲೆಯ ಕೊನೆಯಲ್ಲಿ ಒಂದು ಮೂಸಂಬಿಯಷ್ಟು ಬೆಳಕು. “ಉಪೆ!” ಎಂದು ಕೂಗಿದಳು, ಅಕ್ಕಪಕ್ಕದವರ ಬಾಗಿಲಲ್ಲಿ ನಿಂತು ಕೂಗುವ ಹಾಗೆ. ಯಾರಾದರೂ ಮನೆಯಲ್ಲಿಲ್ಲ ಅಂದಿದ್ದರೆ ಅವಳು ಖುಷಿಯಿಂದ ವಾಪಸು ಹೋಗುತ್ತಿದ್ದಳು.

“ಬಾ ಅಮ್ಮ,” ಎಂದಳು ಯೊರ್ಲೆನಿ. ಅವಳು ಹೊರಗಿನ ಹಗ್ಗದಲ್ಲಿ ಆಗಲೇ ಮೇಲೆ ಸೇರಿದ್ದಳು. “ಹಗ್ಗ ನಾನು ಬಿಗಿಯಾಗಿ ಹಿಡಿದಿರ್ತೀನಿ. ಕಾಲು ಜಾರಿದ್ರೂ ನೀನು ಬೀಳಲ್ಲ.”

ಕಾಲು ಜಾರಲಿಲ್ಲ. ಜಾರಲು ಜಾಗವೇ ಇರಲಿಲ್ಲ. ಅರ್ಧ ಹತ್ತುವ ಹೊತ್ತಿಗೆ ಪೊಳ್ಳು ಕಿರಿದಾಯಿತು. ತಲೆ ಹೋಯಿತು, ಹೆಗಲು ಹೋಯಿತು, ಆಮೇಲೆ ಏನೂ ಹೋಗಲಿಲ್ಲ. ಸೀಸೆಯ ಬಾಯಿಗೆ ಬಿರಟೆ ಕೂತ ಹಾಗೆ ಅವಳು ಮರದ ಹೊಟ್ಟೆಯಲ್ಲಿ ಕೂತುಬಿಟ್ಟಳು. ಮೂರು ತಿಂಗಳು ತಾನು ಹೇಳಿಕೊಟ್ಟ ಪಾಠಗಳಲ್ಲಿ ಇದಕ್ಕೆ ಏನು ಹೇಳಿದ್ದೆ ಎಂದು ನೆನಪಿಸಿಕೊಂಡಳು. ಎಡಗಾಲು ಮೇಲಿಡು. ಎಡಗಾಲು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ.

“ಡುಮ್ಮಿ,” ಎಂದು ಕೆಳಗಿನಿಂದ ಗಂಡ ಓಲ್ಮನ್ ಮೆಲ್ಲಗೆ ಕರೆದ. ಮದುವೆಯ ಕಾಲದಲ್ಲಿ ಅವಳು ಕಡ್ಡಿಯಂತಿದ್ದಾಗಲೇ ಇಟ್ಟ ಮುದ್ದಿನ ಹೆಸರು. ಹೆಸರು ಇಟ್ಟಲ್ಲೇ ಇತ್ತು, ಅವಳು ಅದರೊಳಗೆ ತುಂಬಿಕೊಂಡಿದ್ದಳು. “ಉಸಿರು ಹಿಡಿದಿದೀಯಾ ಅನ್ಸುತ್ತೆ. ಬಿಟ್ಟುಬಿಡು.”

ಬಿಟ್ಟಳು. ಏಪ್ರನ್ ಜೇಬಿನಲ್ಲಿ ಏನೋ ಪಚಕ್ಕೆಂದಿತು. ಆಚೆ ಮರದಲ್ಲಿ ಬೆಳಿಗ್ಗೆಯಿಂದ ಕಾಯುತ್ತಿದ್ದ ನೆರೆಯವಳು ಸೀನಿಯಾ ಹಸಿದಿರಬಹುದೆಂದು ಬಾಳೆಲೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದ ಎರಡು ತಮಾಲ್ ಕಡುಬು. ಅವು ಚಪ್ಪಟೆಯಾದಷ್ಟು ಜಾಗ ಸಿಕ್ಕಿತು. ಅವಳು ಮೇಲೆ ಬಂದಳು.

ಅಟ್ಟದ ಮೇಲೆ ಗಾಳಿ ಇತ್ತು. ಕೆಳಗೆ ಅವಳದೇ ಅಂಗಳ, ಅವಳದೇ ಕೋಳಿಗಳು, ಬೆಲ್ಲದ ನೀರಿನ ಲೋಟ ಹಿಡಿದು ಕತ್ತೆತ್ತಿದ ಹನ್ನೆರಡು ಹೆಂಗಸರು, ಕಡತವೊಂದನ್ನು ಹೊಟ್ಟೆಯ ಮೇಲೆ ಆನಿಸಿಕೊಂಡ ದೋನ್ ಎವೆಲಿಯೋ. ಎದುರು ಮರದಲ್ಲಿ ಕೊಕ್ಕೆಕೋಲು ಹಿಡಿದ ಸೀನಿಯಾ. ಅವಳು ಗಿಣ್ಣು ಮಾಡಿ ಮಾರುವವಳು, ನಾಲಿಗೆ ಮಾತ್ರ ಉಪ್ಪಿನಕಾಯಿ.

“ಬಂದ್ಯಾ ಮಾರಿಯೆಲೋಸ್? ಮರ ಹೆತ್ತ ಹಾಗಿತ್ತು ಕಣೇ!” ಎಂದು ಸೀನಿಯಾ ಅಲ್ಲಿಂದಲೇ ಕೂಗಿದಳು.

ಯೊರ್ಲೆನಿ ಹಗ್ಗವನ್ನು ಅರವತ್ತೆಂಟರ ದಾರದ ಬಳಿ ಕಟ್ಟಿದಳು. ಎರಡನೆಯ ಕಾವಲು ಹಗ್ಗವನ್ನೂ ಸಿಕ್ಕಿಸಿದಳು. ಒಂದೊಂದನ್ನೂ ಮುಟ್ಟಿ ಕೇಳಿದಳು. ಪಟ್ಟಿ? ಸರಿ. ಕೊಂಡಿ? ಸರಿ. ಕಾವಲು ಹಗ್ಗ? ಸರಿ.

“ಹೋಗ್ತೀಯಾ, ಅಮ್ಮ?”

“ಖಂಡಿತ,” ಎಂದಳು ಮಾರಿಯೆಲೋಸ್, ಅಲುಗಾಡಲಿಲ್ಲ.

“ಇದು ಯಾವ ಖಂಡಿತ?”

ಮಗಳು ಪೂರ್ತಿ ಮರೆತಿಲ್ಲ ಎಂದು ತಿಳಿದು ತಾಯಿಗೆ ಒಂದು ಕಡೆ ಹೆಮ್ಮೆಯಾಯಿತು. ಹೆಮ್ಮೆಯಲ್ಲಿ ಎಚ್ಚರ ತಪ್ಪಿ ಒಂದು ಹೆಜ್ಜೆ ಮುಂದಿಟ್ಟಳು. ಮುಂದೆ ಅಟ್ಟ ಇರಲಿಲ್ಲ.

ಆಮೇಲಿನದು ಅವಳಿಗೆ ತುಂಡುತುಂಡಾಗಿ ನೆನಪಿದೆ. ಹೊಟ್ಟೆ ಹಿಂದೆ ಉಳಿದು ಮಿಕ್ಕವಳು ಮುಂದೆ ಹೋದದ್ದು. ಯಾರೋ ಸಂತ ಅಂತೋನಿಯನ್ನು ಏಕವಚನದಲ್ಲಿ ಕರೆಯುತ್ತಿದ್ದದ್ದು, ಅದು ತನ್ನದೇ ದನಿ. ಗಾಳಿ, ಎಲೆ, ಬೆಳಕು, ಆಮೇಲೆ ಎದುರಿಗೆ ದೊಡ್ಡದಾಗುತ್ತಾ ಬಂದ ಸೀನಿಯಾಳ ಮುಖ. ಮುಖ ಇದ್ದ ಕಡೆ ಎದೆ ಬಂತು, ಎದೆಯ ಕಡೆ ಮೊಣಕಾಲು, ಮೊಣಕಾಲಿನ ಕಡೆ ಸೀನಿಯಾಳ ರಬ್ಬರ್ ಬೂಟು, ಕೊನೆಗೆ ಅಟ್ಟದ ಅಂಚಿಗೆ ಕಟ್ಟಿದ್ದ ಹಳೆಯ ಹಾಸಿಗೆ. ಮಾರಿಯೆಲೋಸ್ ಆ ಹಾಸಿಗೆಗೆ ಧೊಪ್ಪೆಂದು ತಾಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಳು. ಸೀನಿಯಾಳ ಕೊಕ್ಕೆ ಗಾಳಿಯನ್ನು ಗೀರಿತು.

ಹೋದಳು, ಬಂದಳು, ಹೋದಳು. ಪ್ರತಿ ಸಲ ಸ್ವಲ್ಪ ಕಡಿಮೆ. ಕೊನೆಗೆ ಎರಡು ಮರಗಳ ನಟ್ಟನಡುವೆ, ಒಗೆದು ಹಿಂಡಿ ಹಾಕಿದ ಕಂಬಳಿಯ ಹಾಗೆ ನೇತು ನಿಂತಳು. ನೋವೇನೂ ಆಗಿರಲಿಲ್ಲ. ಆಗಿದ್ದರೆ ಮಾನವಾದರೂ ಉಳಿಯುತ್ತಿತ್ತು.

“ಹುಡುಗಿ,” ಎಂದು ದೋನ್ ಎವೆಲಿಯೋ ಕೆಳಗಿನಿಂದ ಯೊರ್ಲೆನಿಯನ್ನು ಕೇಳಿದರು, “ಹಗ್ಗ ಎಷ್ಟು ಕಿಲೊಗೆ ಕಟ್ಟಿದ್ದೆ?”

“ಅರವತ್ತೆಂಟಕ್ಕೆ.”

“ಅರವತ್ತೆಂಟಕ್ಕೆ ಕಟ್ಟಿದ್ದು ಮೂರು ಮೊಳ ಕೆಳಗೆ ಬಂತಲ್ಲಮ್ಮ. ಹಾಗಾದ್ರೆ ನಿನ್ನ ದಾರಗಳೇ ತಪ್ಪು. ಬಹಳ ಬೇಜಾರಾಗುತ್ತೆ ನಂಗೆ.” ಅವರು ಪೆನ್ನಿನ ಮುಚ್ಚಳ ತೆಗೆದರು. “ದಾರ ನಂಬೋ ಹಾಗಿಲ್ಲ ಅಂದ್ಮೇಲೆ, ಸಹಿ ಹೇಗೆ ಹಾಕ್ಲಿ?”

ಯೊರ್ಲೆನಿ ಅಟ್ಟದ ಕಂಬ ಹಿಡಿದು ತಾಯಿಯನ್ನು ನೋಡಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ಕೊನೆಯ ತೂತಿಗೆ ಬಂದಾಗಲೇ ಗೊತ್ತಾಗಿತ್ತೇನೋ. ‘ನಮ್ಮಮ್ಮ ಸುಳ್ಳು ಬರೆದಿದ್ದಾಳೆ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಎರಡು ವರ್ಷದ ಮರಳಿನ ಚೀಲಗಳು, ಕೈಯ ಬೊಬ್ಬೆಗಳು, ಮಂಜಿನಲ್ಲಿ ನಿಂತು ಸುತ್ತಿದ ಒಂದೊಂದು ದಾರ. ಅವಳು ಬಾಯಿ ತೆರೆದಳು, ಕೆಳಗಿನ ಹನ್ನೆರಡು ಹೆಂಗಸರನ್ನು ನೋಡಿದಳು, ಬಾಯಿ ಮುಚ್ಚಿಕೊಂಡಳು.

ನೇತಾಡುತ್ತಲೇ ಮಾರಿಯೆಲೋಸ್ ಅದನ್ನು ಕಂಡಳು. ಚಿಕ್ಕವಳಿದ್ದಾಗ ಒಡೆದ ಲೋಟವನ್ನು ಬೆನ್ನ ಹಿಂದೆ ಹಿಡಿದು ಯೊರ್ಲೆನಿ ಹೀಗೇ ನಿಲ್ಲುತ್ತಿದ್ದಳು. ಈಗ ಒಡೆದದ್ದು ತಾಯಿ, ಮುಚ್ಚಿಡುತ್ತಿರುವುದು ಮಗಳು.

“ಎಪ್ಪತ್ತೈದು!” ಎಂದು ಮಾರಿಯೆಲೋಸ್ ಆಕಾಶದಿಂದ ಕೂಗಿದಳು.

ಕೆಳಗೆ ಎಲ್ಲರೂ ಕತ್ತೆತ್ತಿದರು.

“ಏನು ದೋನ್ಯಾ?” ಎಂದು ದೋನ್ ಎವೆಲಿಯೋ ಗೌರವದಿಂದಲೇ ಕೇಳಿದರು.

“ನನ್ನ ತೂಕ! ಹಲಗೆ ಮೇಲಿರೋದು ಸುಳ್ಳು. ಎಪ್ಪತ್ತೈದು! ಅಲ್ಲ, ಎಂಬತ್ತು. ಎಂಬತ್ತು ಅಂತ ಬರ್ಕೊಳ್ಳಿ! ದಾರ ಸರಿಯಾಗೇ ಇದೆ, ನಾನೇ ಸರಿ ಇಲ್ಲ!”

ದೋನ್ ಎವೆಲಿಯೋ ನಿಟ್ಟುಸಿರು ಬಿಟ್ಟರು. “ಮಗಳಿಗೋಸ್ಕರ ಹೇಳ್ತಿದೀರಿ, ಅರ್ಥ ಆಗುತ್ತೆ ದೋನ್ಯಾ. ಆದ್ರೆ ನಾನೂ ಪಕ್ಕದ ಬೆಟ್ಟದೋನೇ. ಎದುರಿಗಿರೋರಿಗೆ ಖುಷಿಯಾಗೋ ಅಂಕಿ ಹೇಳೋದು ನಮಗೆಲ್ಲ ಬರುತ್ತೆ. ಬಾಯಿಮಾತಿನ ಕಿಲೊ ನಾನು ಬರೆಯೋ ಹಾಗಿಲ್ಲ.”

“ಹಂದಿ ತೂಗೋ ಕೋಲು ತರ್ಲಾ?” ಎಂದ ಓಲ್ಮನ್.

ಮೂವತ್ತು ವರ್ಷದ ಸಂಸಾರದಲ್ಲಿ ಅವನು ತಾನಾಗಿ ಕೊಟ್ಟ ಸಲಹೆಗಳು ಬೆರಳೆಣಿಕೆಯವು. ಅದರಲ್ಲಿ ಒಂದು ಇದಾಗಬೇಕಿತ್ತೇ? ಮಾರಿಯೆಲೋಸ್ ಕಣ್ಣು ಮುಚ್ಚಿಕೊಂಡಳು. ಬಾಯಿಂದ ತಾನಾಗಿ ‘ಖಂಡಿತ, ಸಂತೋಷವಾಗಿ’ ಎಂದು ಹೊರಟಿತ್ತು. ಅದನ್ನು ನುಂಗಿ, “ತಗೊಂಡ್ಬಾ,” ಎಂದಳು.

ಯೊರ್ಲೆನಿ ಹಗ್ಗ ಸಡಿಲಿಸಿ ಅವಳನ್ನು ಮೆಲ್ಲಗೆ ಅಂಗಳಕ್ಕೆ ಇಳಿಸಿದಳು. ಸೊಂಟಪಟ್ಟಿ ಮೈಮೇಲೇ ಇದ್ದದ್ದು ಅನುಕೂಲವೇ ಆಯಿತು. ಅತ್ತಿಯ ಕೆಳಕೊಂಬೆಗೆ ತೂಗುಕೋಲು ಕಟ್ಟಿ, ಅದರ ಕೊಕ್ಕೆಗೆ ಅವಳನ್ನು ಸಿಕ್ಕಿಸಿದರು. ಓಲ್ಮನ್ ಗುಂಡನ್ನು ಕೋಲಿನ ಮೇಲೆ ಒಂದೊಂದೇ ಗೀಟು ಸರಿಸಿದ. ಕ್ರಿಸ್‌ಮಸ್ಸಿನ ಹಂದಿಯನ್ನೂ ಅವನು ಇಷ್ಟು ನಯವಾಗಿ ತೂಗಿದವನಲ್ಲ. ಎಂಬತ್ತರಲ್ಲಿ ಕೋಲು ಅಲುಗಲಿಲ್ಲ. ಎಂಬತ್ತೈದರಲ್ಲಿ ಸ್ವಲ್ಪ ಯೋಚಿಸಿತು. ಎಂಬತ್ತೇಳರಲ್ಲಿ ಸಮನಾಗಿ ನಿಂತಿತು.

“ಎಷ್ಟಂತೆ?” ಎಂದು ಮರದ ಮೇಲಿಂದ ಸೀನಿಯಾ. “ಇಲ್ಲಿಗೆ ಕೇಳಿಸ್ಲಿಲ್ಲ!”

ಓಲ್ಮನ್ ಹೆಂಡತಿಯ ಮುಖ ನೋಡಿದ.

“ಎಂಬತ್ತೇಳು!” ಎಂದು ಮಾರಿಯೆಲೋಸ್ ಕೊಕ್ಕೆಯಲ್ಲಿ ತಿರುಗುತ್ತಾ ಕೂಗಿದಳು. “ಕೇಳಿಸ್ತಾ? ಎಂಬತ್ತೇಳು! ಅದರಲ್ಲಿ ನಿಂಗೆ ತಂದ ಎರಡು ತಮಾಲ್ ಸೇರಿದಾವೆ!”

“ಒಂದೊಂದು ಹತ್ತು ಕಿಲೊನಾ?”

ಹೆಂಗಸರು ನಕ್ಕರು. ಮಾರಿಯೆಲೋಸ್ ಅವರ ಮುಖಗಳನ್ನು ನೋಡಿದಳು. ನಗುತ್ತಿದ್ದವರ ಕಣ್ಣು ಮಾತ್ರ ಒಂದೊಂದಾಗಿ ಕರಿಹಲಗೆಯ ಕಡೆ ಹೋಗುತ್ತಿತ್ತು.

ದೋನ್ ಎವೆಲಿಯೋ ಮರಳಿನ ಚೀಲಗಳ ಪಟ್ಟಿಯ ಮೇಲೆ ಬೆರಳಾಡಿಸಿದರು. “ಹತ್ತೊಂಬತ್ತು ಕಿಲೊ ಹೆಚ್ಚು, ಮೂರು ಮೊಳ ಕೆಳಗೆ. ಪಟ್ಟಿಯಲ್ಲಿರೋದೂ ಅಷ್ಟೇ.” ಪೆನ್ನಿನ ಮುಚ್ಚಳ ಹಾಕಿದರು. “ತೂಗಿದ ತೂಕಕ್ಕೆ ಹಗ್ಗ ಕಟ್ಟಿ ಇನ್ನೊಂದ್ಸಲ ಜೀಕಿ ತೋರಿಸಿದ್ರೆ ನಾನು ಒಪ್ತೀನಿ. ನೀವೇ ಆಗ್ಬೇಕಂತಿಲ್ಲ ದೋನ್ಯಾ, ಬೇರೆ ಹೊಸಬರು ಯಾರಾದ್ರೂ ಸರಿ.”

ಯೊರ್ಲೆನಿ ಕೆಳಗಿಳಿದು ಬಂದಿದ್ದಳು. “ಸಾಕು ಅಮ್ಮ. ಅಪ್ಪ ಹತ್ತಲಿ. ನಿಂಗೆ ಭಯ ಆಗಿದೆ.”

“ಹೂಂ, ಭಯ ಆಗಿದೆ,” ಎಂದಳು ಮಾರಿಯೆಲೋಸ್. ಹೇಳಿದ ಮೇಲೆ ಹೆಗಲಿನ ಮೇಲಿನ ಮೂಟೆ ಇಳಿಸಿದ ಹಾಗಾಯಿತು. “ಬಹಳ ಭಯ ಆಗಿದೆ. ಮೂರು ವಾರದಿಂದ ಆಗಿದೆ. ನೀನು ಕೇಳಿದ ದಿನ ಇಲ್ಲ ಅನ್ಬೇಕು ಅಂತಿದ್ದೆ.”

“ಹಾಗಾದ್ರೆ ಈಗ ಅನ್ನು.”

“ಇಲ್ಲ.”

“ಸರಿ, ಅಪ್ಪ—”

“ಅಪ್ಪನಿಗೆ ಇಲ್ಲ ಅಂದೆ ಕಣೇ! ಅವನು ಹತ್ತೋದು ಬೇಡ, ನಾನೇ ಹತ್ತೋದು. ಊರಿಗೆಲ್ಲ ತೂಕ ಹೇಳಿದೀನಿ, ಇನ್ನು ಅದನ್ನ ಸುಮ್ನೆ ಬಿಡ್ಲಾ?”

ಎರಡನೆಯ ಸಲವೂ ಪೊಳ್ಳು ಅಲ್ಲೇ ಹಿಡಿದುಕೊಂಡಿತು. ಈ ಸಲ ಯಾರೂ ಹೇಳದೆಯೇ ಅವಳು ಉಸಿರು ಬಿಟ್ಟಳು. ತಮಾಲ್‌ಗಳಿಗೆ ಇನ್ನು ಚಪ್ಪಟೆಯಾಗಲು ಏನೂ ಉಳಿದಿರಲಿಲ್ಲ. ಅಟ್ಟದ ಮೇಲೆ ಯೊರ್ಲೆನಿ ಹಗ್ಗವನ್ನು ಗಿಡ್ಡ ಮಾಡಿ, ಎಂಬತ್ತೇಳರ ಲೆಕ್ಕಕ್ಕೆ ಬಿಗಿದಳು. ಪಟ್ಟಿ? ಸರಿ. ಕೊಂಡಿ? ಸರಿ. ಕಾವಲು ಹಗ್ಗ? ಸರಿ.

“ಹೋಗ್ತೀಯಾ, ಅಮ್ಮ?”

ಮಾರಿಯೆಲೋಸ್ ಆಚೆ ಮರ ನೋಡಿದಳು. ಕೆಳಗೂ ನೋಡಿದಳು, ತನ್ನ ಪಾಠಕ್ಕೆ ವಿರುದ್ಧವಾಗಿ. “ತಡಿ. ಇನ್ನೂ ಇಲ್ಲ,” ಎಂದಳು. ಯೊರ್ಲೆನಿ ತಡೆದಳು. ಗಂಟೆಹಕ್ಕಿಯೊಂದು ಎಲ್ಲೋ ಮೋಡದೊಳಗೆ ಟಣ್ ಎಂದಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಣ್ ಎಂದಿತು. ಮಗಳ ಕೈ ಬೆನ್ನ ಮೇಲೆ ಬಿಸಿಯಾಗಿತ್ತು.

“ಈಗ,” ಎಂದಳು ತಾಯಿ.

ಈ ಸಲ ಸೀನಿಯಾಳ ಮುಖ ಬಂತು, ಬಂದ ಕಡೆಯೇ ನಿಂತಿತು. ಅದರಲ್ಲಿ ಹಲ್ಲುಗಳೆಲ್ಲ ಕಾಣುತ್ತಿದ್ದವು. ಕೊಕ್ಕೆ ಪಟ್ಟಿಗೆ ಸಿಕ್ಕಿತು, ಎರಡು ತೋಳು ಅವಳನ್ನು ಗಿಣ್ಣಿನ ಗಡಿಗೆಯಂತೆ ತಬ್ಬಿ ಎಳೆದುಕೊಂಡವು, ಅಟ್ಟದ ಹಲಗೆ ಕಾಲಡಿಗೆ ಬಂತು. ಕೆಳಗಿನಿಂದ ಎದ್ದ ಕೂಗಿಗೆ ಕೋಳಿಗಳು ಬೇಲಿ ಹಾರಿದವು. ಆಚೆ ಮರದಲ್ಲಿ ಯೊರ್ಲೆನಿ ಕಂಬಕ್ಕೆ ಹಣೆ ಒತ್ತಿಕೊಂಡು ನಿಂತಿದ್ದಳು.

“ಬಾ ಎಂಬತ್ತೇಳು, ಕೂತ್ಕೋ,” ಎಂದು ಸೀನಿಯಾ ಕಾವಲು ಕೊಂಡಿಯನ್ನು ಮರಕ್ಕೆ ಸಿಕ್ಕಿಸಿದಳು.

ಕೂತಳು. ಅಲ್ಲಿಂದ ಅವಳ ಅಡುಗೆಮನೆಯ ತಗಡು ಕಾಣುತ್ತಿತ್ತು, ತಗಡಿನ ಸಂದಿಯಿಂದ ಬೇಕಾದ್ದಕ್ಕಿಂತ ಕಪ್ಪು ಹೊಗೆ. ಒಲೆಯ ಮೇಲೆ ಹುರುಳಿಕಾಳು ಇಟ್ಟು ಬಂದದ್ದು ಆಗ ನೆನಪಾಯಿತು.

“ಓಲ್ಮನ್! ಕಾಳು!”

ಅವನು ಓಡಿದ. ದೋನ್ ಎವೆಲಿಯೋ ಕಡತವನ್ನು ಹಂದಿಗೂಡಿನ ಗೋಡೆಯ ಮೇಲಿಟ್ಟು ಸಹಿ ಹಾಕಿದರು. ಸಹಿಯ ಮೇಲೆ ಒಂದು ಷರತ್ತು ಬರೆದು ಗಟ್ಟಿಯಾಗಿ ಓದಿದರು: ಮರದ ಬುಡದಲ್ಲಿ ತೂಗುಕೋಲು ಕಾಯಂ ಇರತಕ್ಕದ್ದು, ಹೇಳಿದ ತೂಕವನ್ನು ನಂಬತಕ್ಕದ್ದಲ್ಲ.

ಓದಿ ಮುಗಿಸುವಷ್ಟರಲ್ಲಿ ಕರಿಹಲಗೆಯ ಸುತ್ತ ಹೆಂಗಸರು ಸೇರಿದ್ದರು. ಒಬ್ಬಳು ಸೆರಗಿನಂತೆ ಶಾಲಿನ ತುದಿ ಹಿಡಿದು ತನ್ನ ಹೆಸರಿನ ಪಕ್ಕ ಒರೆಸಿದಳು, ಇನ್ನೊಬ್ಬಳು ಉಗುಳು ಹಚ್ಚಿದ ಬೆರಳಿನಿಂದ. ಸೀಮೆಸುಣ್ಣದ ಪುಡಿ ಮೇಲಕ್ಕೆದ್ದು ಮೋಡದಲ್ಲಿ ಬೆರೆಯಿತು.

ಮಾರಿಯೆಲೋಸ್ ಜೇಬಿನಿಂದ ಬಾಳೆಲೆಯ ಪೊಟ್ಟಣಗಳನ್ನು ತೆಗೆದು ಒಂದನ್ನು ಸೀನಿಯಾಳ ಕೈಗೆ ಕೊಟ್ಟಳು. ಅದು ಅಂಚೆಯಲ್ಲಿ ಹಾಕಬಹುದಾದಷ್ಟು ತೆಳ್ಳಗಾಗಿತ್ತು.

“ನೀನು ಎಷ್ಟು ಅಂತ ಬರೆದಿದ್ದೆ?” ಎಂದು ಕೇಳಿದಳು.

ಸೀನಿಯಾ ಎಲೆ ಬಿಚ್ಚಿ, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.

“ಐವತ್ತೊಂಬತ್ತು.”

“ತಿನ್ನು,” ಎಂದು ಮಾರಿಯೆಲೋಸ್ ತನ್ನ ಪೊಟ್ಟಣ ಬಿಚ್ಚಿದಳು. “ಕೆಳಗಿಳಿದ ಮೇಲೆ ಹೇಗೂ ತೂಗ್ತಾರೆ.”